ವೈದ್ಯರು ಸಿಗುವವರೆಗಿನ ಹೊತ್ತು

2022ರ ಸೆಪ್ಟೆಂಬರ್ 5, ಸೋಮವಾರ. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಸರ್ಜಾಪುರ ರಸ್ತೆಯ ಪಕ್ಕದ ನಮ್ಮ ಬಡಾವಣೆಗೆ ರಾಜಕಾಲುವೆಯ ನೀರು ನುಗ್ಗಿತ್ತು. ಮೊದಲ ಮಹಡಿಯಲ್ಲಿರುವ ನಾವು ಬೆಳಗ್ಗೆ ಎದ್ದು ನೋಡಿದಾಗ ಕೆಳಗಿನ ಮನೆಯವರ ಸ್ಕೂಟರಿನ ಸೀಟು ಮಾತ್ರ ಕಾಣುತ್ತಿತ್ತು. ಕರೆಂಟು ಹೋಗಿ ಆರು ಗಂಟೆಯಾಗಿತ್ತು. ಮೋಡ ಕವಿದು ಕತ್ತಲೆಯಾಗಿದ್ದ ಅಡುಗೆಮನೆಯಲ್ಲಿ ನಮ್ಮ ಅತ್ತೆಯವರು ಅನ್ನ ಬಸಿಯುತ್ತಿದ್ದಾಗ ತಟ್ಟೆ ಜಾರಿ, ಕುದಿಯುವ ಗಂಜಿ ಅವರ ಎಡಗೈಯ ಮೇಲೆ ಮಣಿಕಟ್ಟಿನವರೆಗೂ ಸುರಿಯಿತು.

ನಮ್ಮ ಮನೆಯಿಂದ ಮೂರು ಕಿಲೋಮೀಟರ್ ದೂರದೊಳಗೆ ನಾಲ್ಕು ಆಸ್ಪತ್ರೆಗಳಿವೆ. ಆ ದಿನ ಅವುಗಳಲ್ಲಿ ಒಂದೂ ನಮ್ಮ ಪಾಲಿಗೆ ಇರಲಿಲ್ಲ. ರಸ್ತೆಯಲ್ಲಿ ಸೊಂಟಮಟ್ಟ ನೀರು ನಿಂತಿರುವಾಗ ಯಾವ ಆಂಬ್ಯುಲೆನ್ಸ್ ತಾನೇ ಬಂದೀತು? ಹೊರವರ್ತುಲ ರಸ್ತೆಯ ಕಡೆ ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸುತ್ತಿದ್ದಾರೆ ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ನಮ್ಮ ಬಡಾವಣೆಯ ಒಳಕ್ಕೆ ಟ್ರ್ಯಾಕ್ಟರ್ ಬಂದದ್ದು ಮರುದಿನ ಸಂಜೆ. ವೈದ್ಯರು ದೊರೆಯದಿರುವುದು ಕಾಡಿನ ಅಂಚಿನ ಹಳ್ಳಿಗಳ ಕಷ್ಟವೆಂದು ಅಲ್ಲಿಯವರೆಗೆ ನಂಬಿದ್ದ ನನಗೆ, ಆ ಒಂದೂವರೆ ದಿನದಲ್ಲಿ ನಾವು ಮಾಡಿದ ಕೆಲಸಗಳಷ್ಟೇ ಮಾಡದೆ ಬಿಟ್ಟ ಕೆಲಸಗಳೂ ಗಾಯವನ್ನು ಕಾಪಾಡುತ್ತವೆ ಎಂಬುದು ಅರ್ಥವಾಯಿತು. ನಾನು ವೈದ್ಯೆಯಲ್ಲ. ಕಚೇರಿಯಲ್ಲಿ ಹಿಂದೊಮ್ಮೆ ನಡೆದಿದ್ದ ಒಂದು ದಿನದ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿತದ್ದನ್ನೂ, ಮೈಸೂರಿನಲ್ಲಿ ವೈದ್ಯೆಯಾಗಿರುವ ನನ್ನ ಚಿಕ್ಕಪ್ಪನ ಮಗಳು ಆ ದಿನ ಫೋನಿನಲ್ಲಿ ಹೇಳಿದ್ದನ್ನೂ, ಆಮೇಲೆ ಆಸಕ್ತಿಯಿಂದ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸುಟ್ಟ ಗಾಯಕ್ಕೆ ಮೊದಲ ಔಷಧಿ ತಣ್ಣೀರು, ಅದೂ ಇಪ್ಪತ್ತು ನಿಮಿಷ. ಚರ್ಮದ ಮೇಲಿನ ಬಿಸಿ ಆರಿದಂತೆ ಕಂಡರೂ ಒಳಪದರಗಳಲ್ಲಿ ಶಾಖ ಉಳಿದು ಸುಡುತ್ತಲೇ ಇರುತ್ತದೆ. ಗಂಜಿಯಂತಹ ಅಂಟುಪದಾರ್ಥ ಬರಿಯ ನೀರಿಗಿಂತ ಹೆಚ್ಚು ಹೊತ್ತು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಎರಡು ನಿಮಿಷ ನಲ್ಲಿಯ ಕೆಳಗೆ ಕೈಯಿಟ್ಟು ತೆಗೆದುಬಿಡುವುದು ಸಾಲದು. ನಮ್ಮ ನಲ್ಲಿಯಲ್ಲಾದರೋ ಅಂದು ನೀರೇ ಇರಲಿಲ್ಲ. ಸಂಪಿನೊಳಕ್ಕೆ ಚರಂಡಿ ನೀರು ಸೇರಿತ್ತು, ಮೋಟರು ಓಡುತ್ತಿರಲಿಲ್ಲ. ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಒಂದು ಕ್ಯಾನ್ ಮಾತ್ರ ತುಂಬಿತ್ತು. ನಿಮಿಷಕ್ಕೆ ಒಂದು ಲೀಟರಿನಂತೆ ಸಣ್ಣ ಧಾರೆಯಾಗಿ ಚೊಂಬಿನಿಂದ ಸುರಿದರೆ ಲೆಕ್ಕ ಸರಿಹೋಗುತ್ತದೆ ಎಂದು ತೋರಿತು. ಕೈಯ ಕೆಳಗೆ ತೊಳೆದ ಬೇಸಿನ್ ಇಟ್ಟು, ಬಿದ್ದ ನೀರನ್ನು ಚೆಲ್ಲದೆ ಉಳಿಸಿಕೊಂಡೆವು, ನೀರು ಸಾಲದೆ ಹೋದರೆ ಅದನ್ನೇ ಮತ್ತೆ ಸುರಿಯಬಹುದೆಂದು. ಸುಟ್ಟು ಮೂರು ಗಂಟೆಯೊಳಗೆ ಈ ತಣ್ಣೀರಿನ ಉಪಚಾರ ಮಾಡಿದರೂ ಪ್ರಯೋಜನವಿದೆ, ತಡವಾಯಿತೆಂದು ಕೈಬಿಡಬೇಕಿಲ್ಲ.

ಆ ಇಪ್ಪತ್ತು ನಿಮಿಷದ ಮೊದಲ ಐದು ನಿಮಿಷ ಬಳೆಗಳ ಮೇಲೆಯೇ ಕಳೆಯಿತು. ಅತ್ತೆಯವರ ಎಡಗೈಯಲ್ಲಿ ಆರು ಹಸಿರು ಗಾಜಿನ ಬಳೆ, ಒಂದು ಚಿನ್ನದ ಬಳೆ, ಬೆರಳಲ್ಲಿ ಒಂದು ಉಂಗುರ. ಕೈ ಊದಿಕೊಂಡ ಮೇಲೆ ಇವು ಹೊರಬರುವುದಿಲ್ಲ, ರಕ್ತಸಂಚಾರವನ್ನೇ ತಡೆಯಬಹುದು. ಆದರೆ ಕೈ ಬರಿದು ಮಾಡಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಕಡೆಗೆ ಮಾವನವರೇ ಹತ್ತಿರ ಬಂದು, “ಬಲಗೈಯಲ್ಲಿ ಇದಾವಲ್ಲ, ಸಾಕು, ತೆಗಿ” ಎಂದರು. ನೀರು ಸುರಿಯುತ್ತಲೇ ಚಿನ್ನದ ಬಳೆಯನ್ನೂ ಉಂಗುರವನ್ನೂ ಜಾರಿಸಿ ತೆಗೆದೆವು. ಗಾಜಿನ ಬಳೆಗಳಲ್ಲಿ ಎರಡನ್ನು ಬಟ್ಟೆ ಸುತ್ತಿ ಒಡೆಯಬೇಕಾಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಣಿಕಟ್ಟು ಒಂದೂವರೆಯಷ್ಟಾಗಿತ್ತು.

ಈ ನಡುವೆ ಅಕ್ಕಪಕ್ಕದವರು ಮೆಟ್ಟಿಲ ಬಳಿ ಸೇರಿದ್ದರು. ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಕಾಫಿಪುಡಿ ಹಚ್ಚಿ ಎಂದರು, ಮತ್ತೊಬ್ಬರು ದೋಸೆಹಿಟ್ಟು ಎಂದರು. ಎಲ್ಲರೂ ಪ್ರೀತಿಯಿಂದಲೇ ಬಂದವರು. ಆದರೆ ಇವೆಲ್ಲ ಶಾಖವನ್ನು ಒಳಗೇ ಮುಚ್ಚಿಡುತ್ತವೆ, ಗಾಯಕ್ಕೆ ನಂಜು ತರುತ್ತವೆ, ಮರುದಿನ ವೈದ್ಯರು ಗಾಯ ನೋಡಬೇಕಾದರೆ ಬೆಂದ ಚರ್ಮದಿಂದ ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ. ಮಂಜುಗಡ್ಡೆಯೂ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ಎದ್ದ ಬೊಬ್ಬೆಗಳನ್ನು ಒಡೆಯಬಾರದು, ಏಕೆಂದರೆ ಆ ತೆಳು ಚರ್ಮಕ್ಕಿಂತ ಸ್ವಚ್ಛವಾದ ಬ್ಯಾಂಡೇಜ್ ಮನೆಯಲ್ಲಿ ಸಿಗುವುದಿಲ್ಲ. ನಾವು ಕೈಯನ್ನು ಒಂದು ಹೊಸ ಪ್ಲಾಸ್ಟಿಕ್ ಕವರಿನೊಳಗೆ ಸಡಿಲವಾಗಿ ಇಟ್ಟು, ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇರಿಸಿ, ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟೆವು. ಕವರಿನೊಳಗೆ ಬೆರಳುಗಳನ್ನು ಆಡಿಸಲು ಬರುತ್ತದೆ, ಬಟ್ಟೆಯಂತೆ ಗಾಯಕ್ಕೆ ಅಂಟುವುದಿಲ್ಲ, ಬಣ್ಣ ಹೇಗೆ ಬದಲಾಗುತ್ತಿದೆ ಎಂಬುದೂ ಹೊರಗಿನಿಂದಲೇ ಕಾಣುತ್ತದೆ.

ಫೋಟೋ ನೋಡಿದ ತಂಗಿ ಮೊದಲು ಕೇಳಿದ್ದು ಗಾಯದ ಅಳತೆಯನ್ನು. ರೋಗಿಯ ಸ್ವಂತ ಅಂಗೈ, ಬೆರಳುಗಳೂ ಸೇರಿ, ಅವರ ಮೈಯ ಮೇಲ್ಮೈಯ ಸುಮಾರು 1 ಶೇಕಡಾ. ಅದನ್ನೇ ಅಳತೆಗೋಲಾಗಿ ಬಳಸಬೇಕಂತೆ. ಮುಖ, ಕೈ, ಪಾದ, ಗುಪ್ತಾಂಗ, ಕೀಲುಗಳ ಮೇಲಿನ ಸುಟ್ಟಗಾಯ ಚಿಕ್ಕದಾದರೂ ವೈದ್ಯರಿಗೆ ತೋರಿಸಲೇಬೇಕು. ಬೆಳ್ಳಗೆ ತೊಗಲಿನಂತಾಗಿ ನೋವೇ ಇಲ್ಲವೆಂದರೆ ಅದು ಸಮಾಧಾನದ ಮಾತಲ್ಲ. ನರಗಳೂ ಸುಟ್ಟಿವೆ ಎಂದು ಅರ್ಥ. ಕರೆಂಟು ಹೊಡೆದ ಗಾಯ ಹೊರಗೆ ಕಾಸಿನಗಲ ಕಂಡರೂ ಒಳಗೆ ಎಷ್ಟು ಆಳವೆಂದು ಕಣ್ಣಿಗೆ ತಿಳಿಯುವುದಿಲ್ಲ.

ಅದೇ ಮಧ್ಯಾಹ್ನ ನಮ್ಮ ಬಡಾವಣೆಯ ಸೆಕ್ಯುರಿಟಿ ಅಣ್ಣ ಕುಂಟುತ್ತಾ ಮೇಲೆ ಬಂದರು. ಕೊಪ್ಪಳದ ಕಡೆಯವರು, ಬೆಳಗ್ಗಿನಿಂದ ವಯಸ್ಸಾದವರನ್ನು ನೀರಿನಿಂದ ದಾಟಿಸುತ್ತಿದ್ದವರು ಬರಿಗಾಲಿನಲ್ಲಿ ಒಡೆದ ಗಾಜನ್ನು ತುಳಿದಿದ್ದರು. ಅಂಗಾಲಿನಲ್ಲಿ ಎರಡು ಅಂಗುಲದ ಸೀಳು. ಮೆಟ್ಟಿಲ ಮೇಲೆಲ್ಲ ರಕ್ತದ ಹೆಜ್ಜೆ. “ಏನೂ ಆಗಂಗಿಲ್ರೀ ಅಕ್ಕಾರ, ಸ್ವಲ್ಪ ಅರಿಶಿಣ ಪುಡಿ ಹಚ್ಚಿದ್ರ ಸಾಕ್ರಿ” ಎಂದರು.

ರಕ್ತ ನಿಲ್ಲಿಸಲು ಬೇಕಾದದ್ದು ಒತ್ತಡ ಮತ್ತು ಗಡಿಯಾರ. ಒಗೆದ ಹಳೆಯ ಪಂಚೆಯ ತುಂಡನ್ನು ಮಡಿಸಿ ಗಾಯದ ಮೇಲಿಟ್ಟು, ಕಾಲನ್ನು ಕುರ್ಚಿಯ ಮೇಲೆ ಎತ್ತಿಸಿ, ಅಂಗೈಯ ಬುಡದಿಂದ ಬಲವಾಗಿ ಹತ್ತು ನಿಮಿಷ ಒತ್ತಿ ಹಿಡಿದೆ. ನಡುವೆ ನಿಂತಿತೇನೋ ಎಂದು ಎತ್ತಿ ನೋಡಬಾರದು. ನೋಡಿದಾಗೆಲ್ಲ ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬಂದು ಮತ್ತೆ ಮೊದಲಿಂದ ಶುರುವಾಗುತ್ತದೆ. ಗಾಜು ಆಳಕ್ಕೆ ಚುಚ್ಚಿಕೊಂಡಿದ್ದರೆ ಎಳೆಯದೆ, ಅದರ ಎರಡೂ ಪಕ್ಕದಲ್ಲಿ ಒತ್ತಬೇಕಾಗುತ್ತಿತ್ತು. ಗಾಯದ ಮೇಲ್ಗಡೆ ಹಗ್ಗ ಬಿಗಿದು ಕಟ್ಟುವ ರೂಢಿ ನಮ್ಮಲ್ಲಿ ಬಹಳ. ಅದು ಕೊನೆಯ ಉಪಾಯ. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದೆ ಪ್ರಾಣಕ್ಕೇ ಅಪಾಯವಿದ್ದಾಗ ಮಾತ್ರ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆಯನ್ನು ಕಟ್ಟಿ, ಅದರೊಳಗೆ ಒಂದು ಕೋಲು ಸೇರಿಸಿ ತಿರುಚಿ, ಕಟ್ಟಿದ ಸಮಯವನ್ನು ಮೈಮೇಲೆಯೇ ಬರೆಯಬೇಕು. ಎರಡು ಗಂಟೆ ದಾಟಿದಂತೆಲ್ಲ ಆ ಅಂಗಕ್ಕೆ ಹಾನಿಯಾಗುವ ಸಂಭವ ಹೆಚ್ಚುತ್ತದೆ. ತೆಳ್ಳನೆಯ ದಾರವಾಗಲಿ ತಂತಿಯಾಗಲಿ ಚರ್ಮವನ್ನು ಕೊಯ್ಯುತ್ತದೆಯೇ ಹೊರತು ರಕ್ತವನ್ನು ತಡೆಯುವುದಿಲ್ಲ.

ರಕ್ತ ನಿಂತ ಮೇಲೆ ತೊಳೆಯುವ ಕೆಲಸ. ವೈದ್ಯರು ಸಿಗುವುದು ತಡವಾಗುವ ಸಂದರ್ಭದಲ್ಲಿ ಗಾಯಕ್ಕೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ನಂಬುತ್ತೇನೆ, ಮತ್ತು ಅವಸರದಲ್ಲಿ ನಾವು ಬಿಟ್ಟುಬಿಡುವುದೂ ಇದನ್ನೇ. ಕುದಿಸಿ ಆರಿಸಿದ ನೀರನ್ನು ಮೃದುವಾದ ನೀರಿನ ಬಾಟಲಿಗೆ ತುಂಬಿ, ಅದರ ಮುಚ್ಚಳಕ್ಕೆ ಕಾಯಿಸಿದ ದಬ್ಬಣದಿಂದ ತೂತು ಮಾಡಿ, ಬಾಟಲಿಯನ್ನು ಹಿಚುಕಿದಾಗ ಬರುವ ರಭಸದ ಧಾರೆಯಿಂದ ಸೀಳಿನ ಒಳಗನ್ನು ತೊಳೆದೆವು. ಮರಳು, ಕೊಳೆತ ಎಲೆಯ ಚೂರು ಹೊರಬಂದವು. ಒಂದು ಲೀಟರ್ ಮುಗಿದ ಮೇಲೂ ನೀರು ಕಲಕಾಗಿಯೇ ಇತ್ತು. ಇನ್ನೂ ಅರ್ಧ ಲೀಟರ್ ಬೇಕಾಯಿತು. ಸ್ಪಿರಿಟನ್ನಾಗಲಿ ಡೆಟಾಲನ್ನಾಗಲಿ ಗಾಯದ ಒಳಗೆ ಸುರಿಯಬಾರದು. ಅವು ಕ್ರಿಮಿಗಳ ಜೊತೆಗೆ ಗಾಯ ಮಾಯಿಸುವ ಜೀವಕೋಶಗಳನ್ನೂ ಸಾಯಿಸುತ್ತವೆ. ಅರಿಶಿನದ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಡಬ್ಬಿಯಲ್ಲಿರುವ ಅಡುಗೆಯ ಅರಿಶಿನ ಕ್ರಿಮಿಮುಕ್ತವಲ್ಲ, ಆಳವಾದ ಸೀಳಿನಲ್ಲಿ ಅದು ಮತ್ತೊಂದು ಬಗೆಯ ಧೂಳು ಅಷ್ಟೇ.

ಹಾಗೆ ತೊಳೆದ ಗಾಯದ ಬಾಯನ್ನು ಟೇಪು ಹಾಕಿ ಬಿಗಿಯಾಗಿ ಮುಚ್ಚಲು ನನ್ನ ಕೈ ತವಕಿಸುತ್ತಿತ್ತು. ತಂಗಿ ಬೇಡವೆಂದಳು. ಚರಂಡಿ ನೀರಿನಲ್ಲಿ ಆದ ಗಾಯವನ್ನು ಮುಚ್ಚಿದರೆ ಕ್ರಿಮಿಗಳನ್ನು ಒಳಗೆ ಕೂಡಿಹಾಕಿದಂತೆ. ತೆರೆದಿಟ್ಟು, ಒದ್ದೆ ಗಾಜ್ ಬಟ್ಟೆಯನ್ನು ಹಗುರವಾಗಿ ಇಟ್ಟು, ಮೇಲೆ ಒಣ ಪಟ್ಟಿ ಕಟ್ಟಿದರೆ ಸಾಕು, ಅಗತ್ಯವೆನಿಸಿದರೆ ನಾಲ್ಕೈದು ದಿನಗಳ ನಂತರವೂ ವೈದ್ಯರು ಹೊಲಿಗೆ ಹಾಕಬಲ್ಲರು ಎಂದು ವಿವರಿಸಿದಳು. ಆಮೇಲೆ ಅವಳು ಹೇಳಿದ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಗಾಯದ ಸುತ್ತ ಕೆಂಪಾಗಿರುವ ಭಾಗದ ಅಂಚಿನ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆಯಬೇಕು. ಗೆರೆಯನ್ನು ದಾಟಿ ಕೆಂಪು ಹರಡಿದರೆ, ಕಾಲಿನುದ್ದಕ್ಕೆ ಕೆಂಪು ಎಳೆಗಳು ಕಂಡರೆ, ಜ್ವರವೋ ಕೀವೋ ಬಂದರೆ ಇನ್ನು ಕಾಯುವಂತಿಲ್ಲ. ಮಂಗಳವಾರ ಬೆಳಗ್ಗೆ ಆ ಅಣ್ಣನ ಕಾಲಿನಲ್ಲಿ ಗೆರೆಯನ್ನು ಕೆಂಪು ಒಂದು ಬೆರಳಿನಷ್ಟು ದಾಟಿತ್ತು. ಸಂಜೆ ಟ್ರ್ಯಾಕ್ಟರ್ ಬಂದಾಗ ಅತ್ತೆಯವರ ಜೊತೆಗೆ ಅವರನ್ನೂ ಹತ್ತಿಸಿದೆವು.

ಧನುರ್ವಾಯುವಿನ ಚುಚ್ಚುಮದ್ದನ್ನು ಗಾಯವಾದ ದಿನವೇ ಹಾಕಿಸಲಾಗಲಿಲ್ಲವೆಂದು ಬಿಟ್ಟುಬಿಡುವವರಿದ್ದಾರೆ. ಮರುದಿನವಾದರೂ, ಅದರ ಮರುದಿನವಾದರೂ ಹಾಕಿಸಿಕೊಳ್ಳಬೇಕು. ಕೊಳಕು ಗಾಯವಾಗಿದ್ದು ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕಾಗುತ್ತದೆ. ನೆರೆ ನೀರಿನಲ್ಲಿ ಓಡಾಡಿದವರಿಗೆ ಒಂದೆರಡು ವಾರದ ನಂತರ ಜ್ವರ, ಮೈಕೈ ನೋವು ಬಂದರೆ ಅದು ಇಲಿ ಜ್ವರವೂ ಆಗಿರಬಹುದು. ನೀರಿನಲ್ಲಿ ನಡೆದ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳುವುದು ಮುಖ್ಯ. ನಾಯಿ ಕಚ್ಚಿದರೂ ಮೊದಲ ಕೆಲಸ ತೊಳೆಯುವುದೇ: ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ. ನಂತರ ಲಸಿಕೆ. ಸುಣ್ಣ, ಖಾರದಪುಡಿ ಯಾವುದೂ ಅಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ.

ಮನೆಯಲ್ಲಿ ಏನೂ ಮಾಡಲಾಗದ ಗಾಯಗಳೂ ಇವೆ, ಅದನ್ನು ಒಪ್ಪಿಕೊಳ್ಳುವುದು ಕೂಡ ಪ್ರಥಮ ಚಿಕಿತ್ಸೆಯ ಭಾಗ. ಆ ವಾರ ನಮ್ಮ ಕೆಳಮನೆಯಲ್ಲಿ ಹಾವು ಕಾಣಿಸಿಕೊಂಡು ಗಲಾಟೆಯಾಯಿತು. ಅದು ಕೇರೆ ಹಾವು, ವಿಷವಿಲ್ಲದ್ದು. ಆದರೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ಕಡಿತಕ್ಕೆ ಪ್ರತಿವಿಷದ ಚುಚ್ಚುಮದ್ದಲ್ಲದೆ ಬೇರೆ ಚಿಕಿತ್ಸೆಯಿಲ್ಲ. ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಎಲ್ಲವೂ ಸಮಯವನ್ನು ನುಂಗುತ್ತವೆ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ದಬ್ಬೆ ಕಟ್ಟಿ, ಧೈರ್ಯ ಹೇಳಿ, ನಡೆಸದೆ ಹೊತ್ತೊಯ್ಯಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನಾಲಿಗೆ ತೊದಲುವುದು ಕಂಡಾಗಲೇ ಸಂಶಯಿಸಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷವೆಂಬ ಅಧ್ಯಯನದ ಅಂದಾಜನ್ನು ಓದಿದ ಮೇಲೆ ಆ ಘೋಷಣೆಯ ತೂಕ ನನಗೆ ತಿಳಿಯಿತು.

ಮೂಳೆಯ ವಿಷಯವನ್ನು ನಾನು ಕಲಿತದ್ದು ಮರುವರ್ಷ, ಮಾಗಡಿ ಬಳಿಯ ಸಾವನದುರ್ಗದಲ್ಲಿ. ರಾತ್ರಿ ಹನಿದ ಮಳೆಗೆ ಬಂಡೆ ನುಣುಪಾಗಿತ್ತು, ಇಳಿಯುವಾಗ ಜೊತೆಗಿದ್ದ ಸಹೋದ್ಯೋಗಿಯೊಬ್ಬಳು ಜಾರಿ ಕಾಲು ತಿರುಚಿಕೊಂಡಳು. ಉಳುಕೋ ಮುರಿತವೋ ಎಂದು ಅಲ್ಲಿ ತೀರ್ಮಾನಿಸುವುದು ಕಷ್ಟ. ಊರಿಕೊಂಡು ನಾಲ್ಕು ಹೆಜ್ಜೆ ನಡೆಯಲಾರದೆ ಹೋದರೆ, ಹರಡಿನ ಮೂಳೆಯನ್ನೇ ಮುಟ್ಟಿದಾಗ ನೋವೆಂದರೆ ಮುರಿದಿದೆ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಅವಳು ಎರಡನೆಯ ಹೆಜ್ಜೆಗೇ ಕುಸಿದಳು. ಬ್ಯಾಗಿನಲ್ಲಿದ್ದ ದಿನಪತ್ರಿಕೆಯನ್ನು ದಪ್ಪಗೆ ಮಡಿಸಿ, ಅಂಗಾಲಿನಿಂದ ಮೀನಖಂಡದ ಎರಡೂ ಬದಿಗೆ ದೊನ್ನೆಯಂತೆ ಬಾಗಿಸಿ, ಇಬ್ಬರ ವೇಲುಗಳಿಂದ ಕಟ್ಟಿದೆವು. ಸಿಕ್ಕ ಆಕಾರದಲ್ಲೇ ಕಟ್ಟಬೇಕು, ಎಳೆದು ನೇರ ಮಾಡಲು ಹೋಗಬಾರದು. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಾಡದಂತಿರಬೇಕು. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಿ ಬರಬೇಕು. ಬರದಿದ್ದರೆ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಕಟ್ಟು ಬಿಗಿಯಾಗಿದೆ ಎಂದರ್ಥ. ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತಾ, ಇಬ್ಬರು ಕೈಕೈ ಹೆಣೆದು ಕುರ್ಚಿ ಮಾಡಿ ಅವಳನ್ನು ಕೆಳಗಿಳಿಸಲು ಮೂರು ಗಂಟೆ ಹಿಡಿಯಿತು. ನಾಟಿ ಕಟ್ಟು ಹಾಕಿಸುವ ಮನೆತನದಲ್ಲೇ ನಾನೂ ಬೆಳೆದವಳು, ಆ ಕೈಗಳ ಪರಿಣತಿಯ ಬಗ್ಗೆ ಗೌರವವಿದೆ. ಆದರೂ ಎಕ್ಸ್‌ರೇ ತೆಗೆಸದೆ ಬಿಗಿಯಾದ ಕಟ್ಟು ಹಾಕಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮುಟ್ಟಲು ಪೊಲೀಸು, ಕೋರ್ಟು ಎಂದು ಹೆದರುವವರು ಇನ್ನೂ ಇದ್ದಾರೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 134ಎ ಕಲಮು ನೆರವಾದವರಿಗೆ ರಕ್ಷಣೆ ಕೊಡುತ್ತದೆ. 108ಕ್ಕೆ ಕರೆ ಮಾಡಿ, ಕುತ್ತಿಗೆ ಅಲುಗದಂತೆ ನೋಡಿಕೊಂಡು, ರಕ್ತ ಸೋರುವಲ್ಲಿ ಒತ್ತಿ ಹಿಡಿದರೆ ಟ್ರಾಫಿಕ್ಕಿನಲ್ಲಿ ಆಂಬ್ಯುಲೆನ್ಸ್ ಬರುವವರೆಗಿನ ಹೊತ್ತು ವ್ಯರ್ಥವಾಗುವುದಿಲ್ಲ.

ಅತ್ತೆಯವರ ಕೈ ಮಾಯಲು ಮೂರು ವಾರ ಬೇಕಾಯಿತು. ಆ ಮೂರು ವಾರ ಅಡುಗೆಮನೆಯಲ್ಲಿ ನಿಂತಾಗೆಲ್ಲ, ಆ ಗಾಯ ಆಗದಿರಲು ಏನು ಮಾಡಬಹುದಿತ್ತು ಎಂದು ಯೋಚಿಸುತ್ತಿದ್ದೆ. ಕತ್ತಲೆಯಲ್ಲಿ ಬಸಿಯುವ ಅಡುಗೆ ಮಾಡಬೇಕಿರಲಿಲ್ಲ. ಅವಲಕ್ಕಿ ಇತ್ತು, ಬ್ರೆಡ್ ಇತ್ತು. ವೈದ್ಯರು ಸಿಗದ ದಿನ ಎಂದು ತಿಳಿದ ಕೂಡಲೇ ಕೆಲಸಗಳನ್ನು ತೂಗಿ ನೋಡುವ ಕ್ರಮವೇ ಬದಲಾಗಬೇಕು. ಮಾಮೂಲಿ ದಿನದಲ್ಲಿ ಸಣ್ಣದೆನಿಸುವ ಅಪಾಯ ಆ ದಿನ ಸಣ್ಣದಲ್ಲ. ಈಗ ಮಳೆ ಜೋರಾದ ದಿನ ನಮ್ಮ ಮನೆಯಲ್ಲಿ ಕುದಿಯುವುದು ಕುಡಿಯುವ ನೀರು ಮಾತ್ರ, ಅದೂ ಹಿಂದಿನ ಒಲೆಯ ಮೇಲೆ. ಈಳಿಗೆಮಣೆ ಕಪಾಟು ಸೇರುತ್ತದೆ. ಒದ್ದೆ ಮೊಸಾಯಿಕ್ ನೆಲಕ್ಕೆ ಗೋಣಿತಾಟು ಹಾಸುತ್ತೇವೆ, ಮಕ್ಕಳು ಟೆರೇಸಿಗೆ ಹೋಗುವಂತಿಲ್ಲ. ನೀರು ಮೆಟ್ಟಿಲನ್ನು ಮುಟ್ಟುವ ಮೊದಲೇ ಮೇನ್ ಸ್ವಿಚ್ ಆರಿಸುತ್ತೇವೆ. ನೀರಿಗಿಳಿಯಲೇಬೇಕಾದರೆ ಬೂಟು ಹಾಕಿ, ಕೋಲಿನಿಂದ ತಡವಿ ಹೆಜ್ಜೆ ಇಡಬೇಕು. ತಂತಿ ಬಿದ್ದದ್ದು ಕಂಡರೆ ದೂರ ನಿಂತು 1912ಕ್ಕೆ ಫೋನು. ಕರೆಂಟು ಹಿಡಿದವರನ್ನು ಬರಿಗೈಯಲ್ಲಿ ಎಳೆಯಲು ಹೋಗಿ ಇಬ್ಬರೂ ಸಾಯುವ ಘಟನೆಗಳನ್ನು ಪ್ರತಿ ಮಳೆಗಾಲದಲ್ಲಿ ಓದುತ್ತೇವೆ. ಮೊದಲು ವಿದ್ಯುತ್ತು ನಿಲ್ಲಬೇಕು, ಆಮೇಲೆ ಮನುಷ್ಯನನ್ನು ಮುಟ್ಟಬೇಕು.

ಚಕ್ಕುಲಿ ಇಡುತ್ತಿದ್ದ ದೊಡ್ಡ ಸ್ಟೀಲ್ ಡಬ್ಬಿ ಈಗ ನಮ್ಮ ಮನೆಯ ಔಷಧಿ ಡಬ್ಬಿಯಾಗಿದೆ. ಸುತ್ತು ಗಾಜ್ ಬಟ್ಟೆ, ಹತ್ತು ಸೆಂಟಿಮೀಟರ್ ಅಗಲದ ಎರಡು ಕ್ರೇಪ್ ಬ್ಯಾಂಡೇಜ್, ಪೇಪರ್ ಟೇಪು, ಸೂಜಿಯಿಲ್ಲದ 20 ಎಂಎಲ್ ಸಿರಿಂಜು, ಚಿಮಟ, ಕತ್ತರಿ, ಕೈಗವಸು, ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್, ಹೊಸ ಪ್ಲಾಸ್ಟಿಕ್ ಕವರುಗಳು, ಟಾರ್ಚು. ಮುಚ್ಚಳದ ಒಳಬದಿಗೆ ಅಂಟಿಸಿದ ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರೂ ದಿನವೂ ತೆಗೆದುಕೊಳ್ಳುವ ಮಾತ್ರೆ, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ ವರ್ಷ. ಮಾವನವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ, ಅವರಿಗೆ ಗಾಯವಾದರೆ ಹತ್ತು ನಿಮಿಷದ ಒತ್ತು ಸಾಲುವುದಿಲ್ಲವೆಂದು. ಕುಡಿಯುವ ನೀರಿನ ತುಂಬಿದ ಕ್ಯಾನ್ ಒಂದು ಯಾವಾಗಲೂ ಹೆಚ್ಚಿಗೆ ಇರುತ್ತದೆ.

ಆಯುಧಪೂಜೆಯ ದಿನ ಮನೆಯ ಕತ್ತಿ, ಸುತ್ತಿಗೆ, ಗಾಡಿಗಳ ಜೊತೆ ಈ ಡಬ್ಬಿಯೂ ಹೊರಬರುತ್ತದೆ. ಅತ್ತೆಯವರು ಕನ್ನಡಕ ಹಾಕಿಕೊಂಡು ಒಂದೊಂದೇ ಪೊಟ್ಟಣದ ಅವಧಿಯ ತಾರೀಖು ಓದುತ್ತಾರೆ, ಅವಧಿ ಮುಗಿದದ್ದನ್ನು ನಾನು ಬೇರೆ ಇಡುತ್ತೇನೆ. ಕೊನೆಗೆ ತಳದಲ್ಲಿರುವ ಬಾಲ್‌ಪೆನ್ನನ್ನು ತೆಗೆದು, ಬರೆಯುತ್ತದೆಯೇ ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಗೆರೆ ಎಳೆದು ನೋಡಿ, ಕುಂಕುಮ ಹಚ್ಚಿ, ಮತ್ತೆ ಅಲ್ಲೇ ಇಡುತ್ತೇವೆ.